ಒಂಬತ್ತನೇ ಎಣಿಕೆ

ಅವನು ವೇದಿಕೆ ಹತ್ತುವ ಮುಂಚೆ ಕಾಲು ತೊಳೆದುಕೊಳ್ಳುತ್ತಿದ್ದ. ಕಾರ್ಯಕ್ರಮ ಎಲ್ಲೇ ಇರಲಿ, ಮೆಟ್ಟಿಲ ಪಕ್ಕದಲ್ಲಿ ಒಂದು ಬಾಟಲಿ ನೀರು ಹಿಡಿದು ನಿಂತು, ಪ್ಯಾಂಟಿನ ತುದಿ ಮಡಚಿ, ಮೊದಲು ಎಡಗಾಲು ಆಮೇಲೆ ಬಲಗಾಲು ತೊಳೆದು, ಬರಿಗಾಲಲ್ಲೇ ಮೈಕಿನ ಮುಂದೆ ಹೋಗಿ ನಿಲ್ಲುತ್ತಿದ್ದ. ಕನಕಪುರದ ಒಂದು ಕಾಲೇಜಿನಲ್ಲಿ ಹುಡುಗರು ಇದನ್ನು ಮೊಬೈಲಿನಲ್ಲಿ ಹಿಡಿದುಕೊಂಡರು. ರಾಕ್ ಹಾಡುವವನಿಗೂ ಇಷ್ಟೊಂದು ಮಡಿಯೇ ಎಂದು ಅವರಿಗೆ ಆಶ್ಚರ್ಯ. ಹಾಡು ಮುಗಿದ ಮೇಲೆ ಒಬ್ಬ ಹುಡುಗಿ ಬಂದು, "ಸರ್, ಇದು ನಿಮ್ಮ ಗುರುಗಳು ಹೇಳಿಕೊಟ್ಟಿದ್ದಾ?" ಎಂದು ಕೇಳಿದಳು. "ಇಲ್ಲ ಕಣಮ್ಮ, ನಮ್ಮತ್ತಿಗೆ" ಎಂದ. ಆ ಹುಡುಗಿಗೆ ಏನು ಅರ್ಥವಾಯಿತೋ ಕಾಣೆ, ತಲೆಯಾಡಿಸಿ ಹೋದಳು.

ಅವನು ಹೇಳಿದ್ದು ನಿಜ. ಅವರ ಮನೆ ಚನ್ನಪಟ್ಟಣ ತಾಲ್ಲೂಕಿನಲ್ಲಿ, ವಿರೂಪಾಕ್ಷಿಪುರ ದಾಟಿದ ಮೇಲೆ. ಮನೆಯ ಹಿಂದೆ ರೇಷ್ಮೆ ಹುಳು ಸಾಕುವ ಶೆಡ್ಡು. ಅದರ ಆಡಳಿತವೆಲ್ಲ ಅವನ ಅಣ್ಣನ ಹೆಂಡತಿಯದು. ಹುಳುವಿಗೆ ರೋಗ ಬಹಳ ಬೇಗ ತಗುಲುತ್ತದೆ ಎಂದು ಬಾಗಿಲಲ್ಲೇ ಬ್ಲೀಚಿಂಗ್ ಪುಡಿ ಕಲಸಿದ ನೀರು ಇಟ್ಟಿರುತ್ತಿದ್ದರು. ಅದರಲ್ಲಿ ಕಾಲು ಅದ್ದದೆ ಯಾರೂ ಒಳಗೆ ಹೋಗುವ ಹಾಗಿಲ್ಲ. ಸೆಂಟು, ಬೀಡಿ, ಪೌಡರು ಯಾವುದರ ವಾಸನೆಯೂ ಕೂಡದು. ಒಮ್ಮೆ ರೇಷ್ಮೆ ಇಲಾಖೆಯ ಅಧಿಕಾರಿಯೊಬ್ಬರನ್ನೇ ಅತ್ತಿಗೆ ಬಾಗಿಲಲ್ಲಿ ನಿಲ್ಲಿಸಿ, "ತಲೆಗೆ ಏನ್ ಆಕ್ಕಂಡಿದ್ದೀರಾ ಸಾರ್, ಗಮಲು ಒಡೀತದೆ" ಎಂದು ವಾಪಸ್ಸು ಕಳಿಸಿದ್ದರು. ಆ ಶೆಡ್ಡಿನಲ್ಲೇ ನಮ್ಮ ಬ್ಯಾಂಡು ಹುಟ್ಟಿದ್ದು. ಹಾಡುವುದಕ್ಕೆ ಮುಂಚೆ ಕಾಲು ತೊಳೆಯುವುದು ಅವನಿಗೆ ಅಲ್ಲಿಂದ ಅಂಟಿಕೊಂಡ ಅಭ್ಯಾಸ.

ನಾವು ನಾಲ್ಕು ಜನ, ನಾಲ್ಕು ತಾಲ್ಲೂಕು. ಹಾಡುವ ಅವನು ಚನ್ನಪಟ್ಟಣದವನು. ಗಿಟಾರಿನವನು ಮಾಗಡಿಯವನು. ಬೇಸ್ ಬಾರಿಸುವವನು ಕನಕಪುರದ ದೊಡ್ಡಆಲಹಳ್ಳಿಯವನು. ಡ್ರಮ್ಸ್ ನಾನು, ರಾಮನಗರ. ಬಿಡದಿಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಒಂದೇ ಪಾಳಿಯಲ್ಲಿದ್ದೆವು. ಆಯುಧಪೂಜೆಯ ದಿನ ಕಾರ್ಖಾನೆಯಲ್ಲಿ ಆರ್ಕೆಸ್ಟ್ರಾದವರು ಬರಲಿಲ್ಲ ಎಂದು ನಮ್ಮನ್ನು ನಿಲ್ಲಿಸಿದರು. ಅಲ್ಲಿಂದ ಶುರು. ಇಂಗ್ಲಿಷ್ ಹಾಡು ಕೇಳಿಕೊಂಡು ಕಲಿತೆವು. ಅರ್ಥ ಗೊತ್ತಿಲ್ಲದ ಕಡೆ ಜೋರಾಗಿ ಬಾರಿಸಿದೆವು. ಆಮೇಲೆ ನಮ್ಮದೇ ನಾಲ್ಕು ಹಾಡು ಮಾಡಿಕೊಂಡೆವು. ಅದರಲ್ಲಿ ಜನ ಕೇಳಿ ಕೇಳಿ ಹಾಡಿಸಿದ್ದು ಕಂಪನಿ ಬಸ್ಸಿನ ಹಾಡು. "ಬಸ್ಸು ಬಂತು ಬಸ್ಸು ಬಂತು, ನಿದ್ದೆ ಮುಗೀಲಿಲ್ಲ" ಎಂದು ಶುರುವಾಗುತ್ತಿತ್ತು. ಮೊದಲ ಪಾಳಿಗೆ ಹೋಗಿರುವವರು ಯಾರೇ ಆಗಲಿ ಅದನ್ನು ಕೇಳಿ ಕುಣಿಯದೆ ಇರುತ್ತಿರಲಿಲ್ಲ.

ಅಭ್ಯಾಸ ಮಾಡಬೇಕೆಂದರೆ ಶೆಡ್ಡು ಖಾಲಿ ಇರಬೇಕು. ಒಂದು ಬೆಳೆ ಗೂಡು ಕಟ್ಟಿ ಮಾರುಕಟ್ಟೆಗೆ ಹೋದ ಮೇಲೆ, ಮುಂದಿನ ಹುಳು ತರುವ ತನಕ ನಮ್ಮ ಕಾಲ. ಹೆಚ್ಚೆಂದರೆ ತಿಂಗಳಿಗೆ ಹತ್ತು ದಿನ. ಬೇರೆ ಬ್ಯಾಂಡಿನವರು ಶನಿವಾರ ಭಾನುವಾರ ನೋಡಿಕೊಂಡು ಸೇರುತ್ತಾರೆ, ನಾವು ಹುಳು ನೋಡಿಕೊಂಡು ಸೇರುತ್ತಿದ್ದೆವು. ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ದಾಟಿದರೆ ಹುಳು ಹಣ್ಣಾಗಿ ಗೂಡು ಕಟ್ಟುತ್ತದೆ. ಯಾರಾದರೂ ಕಾರ್ಯಕ್ರಮಕ್ಕೆ ಕರೆದರೆ ಹಾಡುವವನು ಫೋನಿನಲ್ಲಿ, "ಇನ್ನೂ ಮೂರನೇ ಜ್ವರ ಸಾರ್, ಈಗ ಆಗಲ್ಲ" ಎನ್ನುತ್ತಿದ್ದ. ಆ ಕಡೆಯವರು ಗಾಬರಿಯಾಗಿ, "ಹುಷಾರು, ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ" ಎನ್ನುತ್ತಿದ್ದರು. ಇವನು ನಗುತ್ತಲೂ ಇರಲಿಲ್ಲ, ತಿದ್ದುತ್ತಲೂ ಇರಲಿಲ್ಲ. ಫೋನಿಟ್ಟು ಹುಳುವಿಗೆ ಸೊಪ್ಪು ಕೊಯ್ಯಲು ಹೋಗುತ್ತಿದ್ದ.

ಅವನ ದನಿ ಇಂಪಾದ ದನಿಯಲ್ಲ. ದೂರದ ಹೊಲದಲ್ಲಿರುವವರನ್ನು ಊಟಕ್ಕೆ ಕರೆಯುವಂಥ ದನಿ. ಕಣ್ಣು ಮುಚ್ಚಿಕೊಂಡು ಹಾಡುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. "ಜನ ಓಡೋದ್ರೆ ಗೊತ್ತಾಗದು ಬ್ಯಾಡ್ವಾ" ಎನ್ನುತ್ತಿದ್ದ. ತಾಳವನ್ನು ಕಾಲಿನ ಹೆಬ್ಬೆರಳಿನಲ್ಲಿ ಹಾಕುತ್ತಿದ್ದ. ಬರಿಗಾಲಾದ್ದರಿಂದ ಹಿಂದೆ ಕೂತ ನನಗೆ ಅದು ಕಾಣುತ್ತಿತ್ತು, ಎಷ್ಟೋ ಸಲ ಅದನ್ನೇ ನೋಡಿಕೊಂಡು ಬಾರಿಸಿದ್ದೇನೆ. ಇನ್ನೊಂದು, ಅವನ ಬಾಯಲ್ಲಿ ದಿನಕ್ಕೆ ನೂರು ಸಲ "ಒಸಿ ತಡ್ಕೊ" ಬರುತ್ತಿತ್ತು, ಸ್ವಲ್ಪ ತಾಳು ಎನ್ನುವುದಕ್ಕೆ. ಊಟಕ್ಕೆ ಕರೆದರೆ ಒಸಿ ತಡ್ಕೊ. ಬಸ್ಸು ಬಂದರೆ ಡ್ರೈವರಿಗೂ ಒಸಿ ತಡ್ಕೊ. ಹುಳುವಿಗೆ ಸೊಪ್ಪು ಹಾಕುವುದು ತಡವಾದರೆ ಹುಳುವಿಗೂ ಅದನ್ನೇ ಹೇಳುತ್ತಿದ್ದ ಎಂದು ಅತ್ತಿಗೆ ನಗುತ್ತಿದ್ದರು.

ಈಗ ನನ್ನ ತಪ್ಪಿನ ವಿಚಾರಕ್ಕೆ ಬರುತ್ತೇನೆ. ಬಾರದೆ ಗತಿಯಿಲ್ಲ, ಅವನ ಬಗ್ಗೆ ಹೇಳಹೊರಟರೆ ಅದು ಅಡ್ಡ ಬರುತ್ತದೆ.

ಹುಳು ಸಾಕುವ ಶೆಡ್ಡಿನ ನೆಲ ಸಮ ಇರುವುದಿಲ್ಲ. ಬೆಳೆ ಮುಗಿದ ಮೇಲೆ ಔಷಧಿ ಹಾಕಿ ತೊಳೆದ ನೀರು ಹರಿದು ಹೋಗಲಿ ಎಂದು ಒಂದು ಕಡೆಗೆ ಇಳಿಜಾರು ಬಿಟ್ಟಿರುತ್ತಾರೆ. ನನ್ನ ಡ್ರಮ್ಸು ಆ ಇಳಿಜಾರಿನಲ್ಲಿ ಕೂರುತ್ತಿತ್ತು. ಅದೂ ಯಾರೋ ಬಾರಿಸಿ ಬಿಟ್ಟ ಹಳೆಯ ಸೆಟ್ಟು. ಎಡಗಡೆ ದೊಡ್ಡ ಕಂಚಿನ ತಟ್ಟೆ ನಿಲ್ಲಿಸುವ ಸ್ಟ್ಯಾಂಡಿನ ಒಂದು ಕಾಲಿಗೆ ರಬ್ಬರ್ ಇರಲಿಲ್ಲ. ಬಸ್ಸಿನ ಹಾಡಿನಲ್ಲಿ ಎರಡನೇ ಚರಣ ಮುಗಿದ ಮೇಲೆ ಮೂವರೂ ನಿಂತು ನಾನೊಬ್ಬನೇ ಬಾರಿಸುವ ಜಾಗವಿತ್ತು. ಎಂಟು ಎಣಿಕೆ. ಎಂಟರ ಕೊನೆಗೆ ಆ ತಟ್ಟೆಗೆ ಜೋರಾಗಿ ಒಂದು ಏಟು. ಏಟು ಬಿದ್ದ ಕೂಡಲೇ ಸ್ಟ್ಯಾಂಡು ಇಳಿಜಾರಿನಲ್ಲಿ ಜಾರುತ್ತಿತ್ತು. ನಾನು ಎಡಗೈ ಚಾಚಿ ಅದನ್ನು ಹಿಡಿದು, ಆಮೇಲೆ ತಾಳಕ್ಕೆ ಬರುತ್ತಿದ್ದೆ. ಅಷ್ಟರಲ್ಲಿ ಒಂದು ಎಣಿಕೆ ಹೋಗಿಬಿಡುತ್ತಿತ್ತು. ಎಂಟಕ್ಕೆ ಬದಲು ಒಂಬತ್ತು. ಮೊದಮೊದಲು ಉಳಿದವರು ಎಡವುತ್ತಿದ್ದರು. ಬರಬರುತ್ತಾ ಮೂವರೂ ತಮಗೆ ಅರಿವಿಲ್ಲದೆಯೇ ನನಗಾಗಿ ಒಂದು ಎಣಿಕೆ ಕಾಯುವುದನ್ನು ಕಲಿತುಬಿಟ್ಟರು. ಆ ಹಾಡು ಒಂದು ಕಾಲು ಕುಂಟುತ್ತದೆ ಎಂದು ನಮಗೆ ನಾಲ್ವರಿಗೂ ಗೊತ್ತೇ ಇರಲಿಲ್ಲ.

ಗೊತ್ತಾದದ್ದು ಬೆಂಗಳೂರಿನ ಒಂದು ಸ್ಪರ್ಧೆಗೆ ಹೆಸರು ಕೊಟ್ಟಾಗ. ಅಲ್ಲಿ ಸಂಗೀತ ಬಲ್ಲವರೊಬ್ಬರು ನಮ್ಮ ರೆಕಾರ್ಡಿಂಗ್ ಕೇಳಿ, ಎಲ್ಲ ಚೆನ್ನಾಗಿದೆ, ನಿಮ್ಮ ಡ್ರಮ್ಮರಿಗೆ ಮಾತ್ರ ಎಣಿಸಲು ಬರುವುದಿಲ್ಲ ಎಂದರಂತೆ. ನಮ್ಮ ಹಾಡುಗಾರ ಹೊಸ ಸ್ಟ್ಯಾಂಡು ತರಿಸಿದ. ಎರಡು ವಾರ ಎಂಟಕ್ಕೆ ನಿಲ್ಲಿಸುವುದನ್ನು ಅಭ್ಯಾಸ ಮಾಡಿದೆವು. ನಾನೂ ಒಪ್ಪಿದ್ದೆ. ಸ್ಪರ್ಧೆಯ ದಿನ ವೇದಿಕೆ ಸಮತಟ್ಟು, ಸ್ಟ್ಯಾಂಡು ಗಟ್ಟಿ, ಜಾರುವಂಥದ್ದು ಏನೂ ಇಲ್ಲ. ಏಟು ಹಾಕಿದೆ. ನನ್ನ ಎಡಗೈ ತನ್ನ ಪಾಡಿಗೆ ತಾನು ಹೋಗಿ ಆ ಜಾರದ ಸ್ಟ್ಯಾಂಡನ್ನು ಹಿಡಿದುಕೊಂಡಿತು. ಮೂವರೂ ಸರಿಯಾಗಿ ಬಂದಿದ್ದರು, ನಾನು ಹಿಂದೆ ಬಿದ್ದೆ. ಹಾಡು ಚೆಲ್ಲಾಪಿಲ್ಲಿಯಾಗಿ ನಿಂತೇಹೋಯಿತು. ಆಗ ಅವನು ಮೈಕು ಕೈಯಲ್ಲಿ ಹಿಡಿದೇ ನನ್ನ ಕಡೆ ತಿರುಗಿ, "ಎಂಟಾದ್ಮೇಲೆ ಒಂದು ಕಣ್ಲಾ, ಒಂಬತ್ತಲ್ಲ" ಎಂದ. ಸಭಾಂಗಣದಲ್ಲಿ ಇದ್ದವರೆಲ್ಲ ನಕ್ಕರು.

ನಾನು ಕೋಲುಗಳನ್ನು ಸೀಟಿನ ಮೇಲೆ ಇಟ್ಟು ಇಳಿದುಬಂದೆ. ಮತ್ತೆ ಆ ಬ್ಯಾಂಡಿಗೆ ಹೋಗಲಿಲ್ಲ.

ನನ್ನದು ಸ್ವಲ್ಪ ಮೊಂಡು ಸ್ವಭಾವ. ನನ್ನ ಹೆಂಡತಿಯನ್ನು ಕೇಳಿದರೆ ಸ್ವಲ್ಪ ಎನ್ನುವುದನ್ನು ತೆಗೆದುಹಾಕುತ್ತಾಳೆ. ಅವನು ಒಂದು ಸಲ ಕಾರ್ಖಾನೆ ಗೇಟಿನ ಹತ್ತಿರ ಪಾಳಿ ಬಿಡುವ ಹೊತ್ತಿಗೆ ಬಂದು ನಿಂತಿದ್ದ. ಅಷ್ಟರಲ್ಲಿ ಅವನು ಕೆಲಸ ಬಿಟ್ಟು ಊರಲ್ಲೇ ಹುಳು ನೋಡಿಕೊಂಡು, ಮದುವೆ ಆರ್ಕೆಸ್ಟ್ರಾಗಳಲ್ಲಿ ಹಾಡಿಕೊಂಡಿದ್ದ. ಹೆಲ್ಮೆಟ್ಟನ್ನು ಎರಡು ಕೈಯಲ್ಲಿ ಹೊಟ್ಟೆಗೆ ಒತ್ತಿ ಹಿಡಿದುಕೊಂಡು ಬರುವವರ ಮುಖಗಳನ್ನೆಲ್ಲ ನೋಡುತ್ತಿದ್ದ. ನಾನು ಬಸ್ಸಿನ ಆ ಕಡೆಯ ಕಿಟಕಿಗೆ ಹೋಗಿ ಕೂತೆ. ಬಸ್ಸು ಹೊರಟಿತು. ಅವತ್ತು ಅದನ್ನು ಗೆಲುವು ಎಂದುಕೊಂಡಿದ್ದೆ. ಯಾವ ಗೆಲುವೋ, ಯಾರ ಮೇಲೋ.

ವರ್ಷಗಳಾದವು. ಅವನ ಕಿಡ್ನಿ ಎರಡೂ ಕೈಕೊಟ್ಟಿವೆ, ವಾರಕ್ಕೆ ಎರಡು ಸಲ ರಾಮನಗರಕ್ಕೆ ಡಯಾಲಿಸಿಸ್ಸಿಗೆ ಬರುತ್ತಾನೆ ಎಂದು ಮಾಗಡಿಯ ಗಿಟಾರಿನವನು ಹೇಳಿದ. ನನ್ನ ಮನೆಯಿಂದ ಆ ಆಸ್ಪತ್ರೆಗೆ ನಡೆದೇ ಹೋಗಬಹುದು. ಹೋಗಬೇಕು ಎಂದುಕೊಂಡೆ. ಎಂದುಕೊಂಡೆ ಅಷ್ಟೆ.

ಒಂದು ದಿನ ಅವನದೇ ಫೋನು ಬಂತು. ಏನೂ ಆಗಿಯೇ ಇಲ್ಲ ಎನ್ನುವ ಹಾಗೆ, "ಲೇ, ನಂದೇ ಒಂದು ಆಲ್ಬಂ ಮಾಡ್ತಾ ಇವ್ನಿ ಕಣ್ಲಾ" ಎಂದ. ಒಂಬತ್ತು ಹಾಡಂತೆ. ಐದು ಬೇರೆಯವರವು, ನಾವು ಹಿಂದೆ ಹಾಡುತ್ತಿದ್ದ ಇಂಗ್ಲಿಷಿನವು ಮತ್ತು ಅವನ ತಾಯಿ ಸೊಪ್ಪು ಕೊಯ್ಯುವಾಗ ಗುನುಗುತ್ತಿದ್ದವು. ನಾಲ್ಕು ನಮ್ಮ ಬ್ಯಾಂಡಿನವು. "ನಮ್ಮವನ್ನ ಪೂರ್ತಿ ಬಿಚ್ಚಾಕಿ ಬ್ಯಾರೆ ತರ ಕಟ್ತೀನಿ. ಬಸ್ಸಿನ ಹಾಡಿಗೆ ಮಾತ್ರ ನೀನು ಬಂದು ಕೂರು. ಮುಂದಿನ ವಾರ ಶೆಡ್ಡು ಖಾಲಿ ಇರ್ತದೆ. ಬತ್ತೀಯಾ?"

ಆಗ ನನ್ನ ಬಾಯಿಂದ ಬಂದ ಮಾತನ್ನು ಇವತ್ತಿಗೂ ವಾಪಸ್ಸು ತಗೊಳ್ಳಲು ಆಗಿಲ್ಲ. "ನಿಂಗೆ ಚೆನ್ನಾಗಿ ಎಣಿಸೋಕೆ ಬತ್ತದಲ್ಲ. ನೀನೇ ಎಣಿಸ್ಕೊ" ಎಂದೆ.

 ಅವನು ನಕ್ಕ. "ಆಯ್ತು ಬುಡು. ಎಣಿಸ್ಕತೀನಿ" ಎಂದು ಫೋನಿಟ್ಟ.

ಅದೇ ಕೊನೆ. ಅವನ ಮಣ್ಣಿಗೆ ಹೋಗಿದ್ದೆ. ಎಲ್ಲರ ಹಿಂದೆ ನಿಂತಿದ್ದು ಬಂದೆ. ಅಳು ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಗೊತ್ತಾಗದೆ ಒಂದು ವಾರ ಮನೆಯಲ್ಲಿ ಎಲ್ಲರ ಮೇಲೂ ರೇಗಾಡಿದೆ.

ಒಂದು ಭಾನುವಾರ ಬೆಳಿಗ್ಗೆ ಅತ್ತಿಗೆ ನಮ್ಮ ಮನೆಗೆ ಬಂದರು. ರಾಮನಗರದ ಗೂಡಿನ ಮಾರುಕಟ್ಟೆಗೆ ಪಕ್ಕದ ಮನೆಯವರ ಗೂಡು ಮಾರಿಸಲು ಬಂದವರು ಅದನ್ನು ಮುಗಿಸಿಕೊಂಡು ಹಾಗೇ ಬಂದಿದ್ದರು. ಸೆರಗಿನ ಗಂಟು ಬಿಚ್ಚಿ ಒಂದು ಪೆನ್ ಡ್ರೈವು ತೆಗೆದು ಮೇಜಿನ ಮೇಲಿಟ್ಟರು.

"ನಂಗೆ ಹುಳ ಗೊತ್ತು ಕಣಪ್ಪ, ಹಾಡು ಗೊತ್ತಿಲ್ಲ" ಎಂದರು. "ಈ ಆಲ್ಬಂನ ನೆಟ್ಟಿಗೆ ಆಕಿಸಿ ಅತ್ತಿಗೆ ಅಂತ ಹೇಳ್ಬುಟ್ಟು ಹೋದ. ಇಲ್ಲೇ ಸ್ಟುಡಿಯೋದಲ್ಲಿ ಒಬ್ಬ ಅವ್ನೆ, ಅವ್ನು ಕೇಳ್ಬುಟ್ಟು ಎಲ್ಲಾ ಸರಿಗೈತೆ, ಆರನೇ ಹಾಡಲ್ಲಿ ನಡೂಮಧ್ಯ ಹಾಡೋದು ನಿಂತೋಗೈತೆ, ಮಿಷನ್ನು ಕೆಟ್ಟಿರ್ಬೇಕು, ಅಷ್ಟು ಕತ್ತರಿಸ್ಬುಟ್ಟು ಜೋಡಿಸ್ತೀನಿ ಅಂತಾನೆ. ಬುಧವಾರ ಆಕ್ತಾನಂತೆ. ನಾನು ಒಸಿ ತಡೀರಿ, ಜೊತೇಲಿದ್ದವರ್ನ ಕೇಳ್ತೀನಿ ಅಂದೆ. ಅದು ತಪ್ಪಾ, ಇಲ್ಲಾ ಅವ್ನೇ ಬೇಕು ಅಂತ ಮಾಡವ್ನಾ? ನೀನು ಎಂಗೆ ಹೇಳ್ತೀಯೋ ಅಂಗೆ."

ನನ್ನನ್ನೇ ಯಾಕೆ ಕೇಳಬೇಕು ಎಂದೆ. "ಅದು ಬಸ್ಸಿನ ಹಾಡು. ಅದು ನಿಂದು ಅಂತಿದ್ದ" ಎಂದರು. ಕಾಫಿ ಕುಡಿದು, ಲೋಟ ತಾವೇ ತೊಳೆದಿಟ್ಟು ಹೋದರು.

ಕೇಳಿದೆ. ಕೇಳಿ ನನಗೆ ತಲೆಬುಡ ತಿಳಿಯಲಿಲ್ಲ. ಇಂಗ್ಲಿಷ್ ಹಾಡುಗಳನ್ನು ಅವನು ಅಂಗಳದಲ್ಲಿ ಕೂತು ಮಾತಾಡಿಸುವ ಹಾಗೆ ಹಾಡಿದ್ದ. ತಾಯಿಯ ಹಾಡುಗಳಿಗೆ ಗಿಟಾರು ಸಿಕ್ಕಿಸಿ ಒರಟಾಗಿ ಕೂಗಿದ್ದ. ಯಾವುದು ಯಾವುದಾಗಿದೆ ಎಂದು ಹಿಡಿಯುವಷ್ಟರಲ್ಲಿ ಹಾಡೇ ಮುಗಿದಿರುತ್ತಿತ್ತು. ನಮ್ಮ ನಾಲ್ಕು ಹಾಡುಗಳಂತೂ ಗುರುತೇ ಸಿಗುವುದಿಲ್ಲ. ಬಸ್ಸಿನ ಹಾಡು ಎಷ್ಟು ನಿಧಾನ ಎಂದರೆ, ಎದ್ದೇಳಿ ಎಂದು ಕೂಗುತ್ತಿದ್ದ ಹಾಡು ಮಗುವನ್ನು ಮಲಗಿಸುತ್ತಿದೆ. ಅವನೇ ಕಲಿತು ನುಡಿಸಿದ ಗಿಟಾರು ಮತ್ತು ಅವನ ದನಿ, ಅಷ್ಟೆ. ಡ್ರಮ್ಸು ಇಲ್ಲ. ಅದರ ಬದಲು ಹಿಂದೆ ಏನೋ ಚರಚರ ಎಂದು ಸದ್ದು, ಸೀಮೆಂಟು ಶೀಟಿನ ಮೇಲೆ ತುಂತುರು ಬಿದ್ದ ಹಾಗೆ. ಎರಡನೇ ಚರಣ ಮುಗಿಯಿತು. ಹಾಡು ನಿಂತಿತು, ಗಿಟಾರೂ ನಿಂತಿತು. ಆ ಚರಚರ ಮಾತ್ರ. ಆಮೇಲೆ ಮತ್ತೆ ಅವನ ದನಿ.

ನನ್ನ ಜಾಗ ಅದು. ಅಲ್ಲಿ ನನ್ನನ್ನು ತೆಗೆದು ಏನನ್ನೂ ಹಾಕದೆ ಬಿಟ್ಟಿದ್ದಾನೆ ಎನಿಸಿತು. ನೀನಿಲ್ಲದಿದ್ದರೂ ಹಾಡು ನಡೆಯುತ್ತದೆ ನೋಡು ಎಂದು ತೋರಿಸಿದ ಹಾಗೆ. ಹೊಟ್ಟೆ ಉರಿಯಿತು. ಸತ್ತವನ ಮೇಲೆ ಹೊಟ್ಟೆ ಉರಿದುಕೊಳ್ಳಬಾರದು ಎಂದು ಗೊತ್ತಿದ್ದೂ ಉರಿಯಿತು. ಅತ್ತಿಗೆಗೆ ಫೋನು ಮಾಡಿ, "ಅದು ತಪ್ಪೇ. ಕತ್ತರಿಸಲಿ ಬಿಡಿ" ಎಂದೆ. "ಆಯ್ತಪ್ಪ, ಅವ್ನಿಗೆ ಹೇಳ್ತೀನಿ" ಎಂದರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಸೋಮವಾರ ಕಂಪನಿ ಬಸ್ಸಿನಲ್ಲಿ ಮತ್ತೆ ಕಿವಿಗೆ ಸಿಕ್ಕಿಸಿಕೊಂಡು ಕೇಳಿದೆ. ಹೋಗುವಾಗ ನಾಲ್ಕು ಸಲ, ಬರುವಾಗ ಐದು ಸಲ. ನನ್ನನ್ನು ತೆಗೆದುಹಾಕಬೇಕಿದ್ದರೆ ಆ ಜಾಗವನ್ನೇ ತೆಗೆಯಬಹುದಿತ್ತಲ್ಲ, ಖಾಲಿ ಯಾಕೆ ಬಿಟ್ಟ? ಮಿಷನ್ನು ಕೆಟ್ಟಿದ್ದರೆ ಆ ಚರಚರ ಯಾಕೆ ನಿಲ್ಲಲಿಲ್ಲ? ಪಕ್ಕದಲ್ಲಿ ಕೂತಿದ್ದವನು, "ಏನ್ ಸಾರ್, ಒಬ್ಬೊಬ್ರೇ ತಲೆ ಅಲ್ಲಾಡಿಸ್ತಾ ಇದ್ದೀರಾ" ಎಂದ. ಹೌದು ಎಂದೆನೋ ಇಲ್ಲ ಎಂದೆನೋ ನೆನಪಿಲ್ಲ.

ಮಾಗಡಿಯ ಗಿಟಾರಿನವನಿಗೆ ಹಾಡು ಕಳಿಸಿದೆ. ಅವನೀಗ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ, ಯಾವ ವಿಷಯಕ್ಕಾದರೂ ಕೂಡಲೇ ತೀರ್ಪು ಕೊಡುತ್ತಾನೆ. ಹತ್ತು ನಿಮಿಷಕ್ಕೆ ಫೋನು ಮಾಡಿದ.

"ತಪ್ಪೇ ಕಣ್ಲಾ, ಅನುಮಾನವೇ ಬ್ಯಾಡ. ನಾನು ಕೂತ್ಕಂಡು ಎಣಿಸ್ದೆ. ಬೇಕು ಅಂತ ಬುಟ್ಟಿದ್ರೆ ಲೆಕ್ಕವಾಗಿ ಎಂಟು ಬುಡ್ತಿದ್ದ. ಅಲ್ಲಿ ಒಂಬತ್ತು ಅವೆ."

"ಒಂಬತ್ತಾ?"

"ಒಂಬತ್ತು. ಅವ್ನು ಎಣಿಕೇಲಿ ತಪ್ಪೋನಾ? ಮಿಷನ್ನೇ ಕೆಟ್ಟಿರೋದು."

ಸರಿ ಎಂದು ಫೋನಿಟ್ಟೆ. ಆದರೆ ಒಂಬತ್ತು ಎಂಬ ಮಾತನ್ನು ನಾನು ಒಪ್ಪಲೂ ಆಗದೆ ಬಿಡಲೂ ಆಗದೆ ಓಡಾಡಿದೆ. ಮಂಗಳವಾರ ಕಾರ್ಖಾನೆಗೆ ರಜೆ ಹೇಳಿ ಗಾಡಿ ತೆಗೆದುಕೊಂಡು ಚನ್ನಪಟ್ಟಣದ ಕಡೆ ಹೊರಟೆ. ಅವನು ಹಾಡು ಹಿಡಿದಿದ್ದ ರೆಕಾರ್ಡಿಂಗ್ ಮಿಷನ್ನು ಮನೆಯಲ್ಲೇ ಇರುತ್ತದೆ, ಅದು ನಿಜವಾಗಿ ಕೆಟ್ಟಿದೆ ಎಂದು ಕಣ್ಣಾರೆ ನೋಡಿದರೆ ಮನಸ್ಸು ಸುಮ್ಮನಾಗುತ್ತದೆ ಎಂದುಕೊಂಡಿದ್ದೆ.

ಮನೆಯಲ್ಲಿ ಯಾರೂ ಇರಲಿಲ್ಲ. ಶೆಡ್ಡಿನ ಬಾಗಿಲು ಅರ್ಧ ತೆರೆದಿತ್ತು. ಎಷ್ಟೋ ವರ್ಷದ ಮೇಲೆ ಬಂದವನು, ಆದರೂ ಕಾಲು ತಾನಾಗಿಯೇ ಹೋಗಿ ಬ್ಲೀಚಿಂಗ್ ನೀರಿನಲ್ಲಿ ಅದ್ದಿಕೊಂಡಿತು. ಮೊದಲು ಎಡಗಾಲು, ಆಮೇಲೆ ಬಲಗಾಲು. ಒಳಗೆ ಹೆಜ್ಜೆ ಇಟ್ಟೆ, ಅಲ್ಲೇ ನಿಂತೆ.

ಶೆಡ್ಡಿನ ತುಂಬ ಹುಳು. ನಾಲ್ಕನೇ ಜ್ವರ ಎದ್ದು ಬೆರಳು ಗಾತ್ರ ಆಗಿರುವ ಹುಳು, ಆಗ ತಾನೇ ಹಾಕಿದ ಸೊಪ್ಪು ತಿನ್ನುತ್ತಿದ್ದವು. ಶೆಡ್ಡು ಪೂರ್ತಿ ಚರಚರ ಎನ್ನುತ್ತಿತ್ತು. ಎರಡು ದಿನದಿಂದ ನನ್ನ ಕಿವಿಯಲ್ಲಿದ್ದ ಸದ್ದು ಅದೇ. ಬ್ಯಾಂಡಿನ ಕಾಲದಲ್ಲಿ ನಾನು ಈ ಶೆಡ್ಡಿಗೆ ನೂರಾರು ಸಲ ಬಂದಿದ್ದೆ, ಆದರೆ ಹುಳು ಇದ್ದಾಗ ಒಂದು ದಿನವೂ ಒಳಗೆ ಬಂದಿರಲಿಲ್ಲ. ಅವು ತಿನ್ನುವಾಗ ಇಷ್ಟು ಸದ್ದಾಗುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಅತ್ತಿಗೆ ಆ ತುದಿಯಲ್ಲಿ ಸೊಪ್ಪು ಹರಡುತ್ತಿದ್ದರು. ನನ್ನ ಮುಖಕ್ಕಿಂತ ಮೊದಲು ಕಾಲು ನೋಡಿದರು. ಒದ್ದೆಯಾಗಿದೆ ಎಂದು ಖಚಿತವಾದ ಮೇಲೆ, "ಬಾ" ಎಂದರು.

"ಹುಳ ಇದ್ದಾಗ ರೆಕಾರ್ಡಿಂಗ್ ಮಾಡೋಕೆ ಬಿಟ್ಟಿರಾ ಅತ್ತಿಗೆ?" ಎಂದೆ.

"ಇನ್ನೇನ್ ಮಾಡ್ಲಿ? ಶೆಡ್ಡು ಖಾಲಿ ಇದ್ದಾಗ ಮಾಡ್ಕೊಳ್ಳೋ ಅಂದ್ರೆ ಕೇಳ್ಲಿಲ್ಲ. ಮಿಕ್ಕ ಎಂಟೂ ಖಾಲಿ ಇದ್ದಾಗ್ಲೇ ಹಾಡ್ದ. ಬಸ್ಸಿನ ಹಾಡೊಂದು ಉಳಿಸ್ಕಂಡ. ಅವ್ನು ಬತ್ತಾನೆ ಅತ್ತಿಗೆ, ಒಸಿ ತಡ್ಕೊಳ್ಳಿ, ಈಗ್ಲೇ ಹುಳ ತರ್ಬ್ಯಾಡಿ ಅಂದ. ಒಂದು ಬೆಳೆ ಬುಟ್ವಿ. ನೀನು ಬರ್ಲಿಲ್ಲ. ಆಮೇಲೆ ತಂದ್ವಿ. ಹುಳ ದೊಡ್ಡವಾದ್ಮೇಲೆ ಒಂದಿನ ಬಂದು ಇಲ್ಲೇ ಕುಂತ್ಕಂಡು ಹಾಡ್ಬುಟ್ಟ. ಉಸ್ರು ಸಾಲ್ತಿರ್ಲಿಲ್ಲ, ಆದ್ರೂ ಒಂದೇ ಸಲಕ್ಕೆ ಹಾಡ್ದ. ನಾನು ಬಯ್ಯೋಕೆ ಬಂದೋಳು ಇಲ್ಲೇ ನಿಂತ್ಕಂಡೆ."

ಅವನು ಎಲ್ಲಿ ಕೂತಿದ್ದ ಎಂದು ಕೇಳಿದೆ. ಇಳಿಜಾರಿನ ಕೆಳತುದಿಯನ್ನು ತೋರಿಸಿದರು. ನನ್ನ ಡ್ರಮ್ಸು ಇರುತ್ತಿದ್ದ ಜಾಗ. ಅಲ್ಲಿ ಒಂದು ಸ್ಟೂಲು ಇತ್ತು. ಅದರ ಮೇಲೆ ಕೂತೆ. ಮಿಷನ್ನಿನ ವಿಚಾರ ಕೇಳಬೇಕೆನ್ನುವುದು ಮರೆತೇಹೋಯಿತು.

ಮೊಬೈಲು ತೆಗೆದು ಹಾಡು ಹಾಕಿದೆ. ಒಳಗೂ ಚರಚರ, ಹಾಡಿನಲ್ಲೂ ಚರಚರ, ಯಾವುದು ಯಾವುದೆಂದು ತಿಳಿಯುತ್ತಿರಲಿಲ್ಲ. ಎರಡನೇ ಚರಣ ಮುಗಿಯಿತು. ಅವನು ನಿಂತ. ನಾನು ತೊಡೆಯ ಮೇಲೆ ಎರಡು ಕೈಯಲ್ಲೂ ಬಾರಿಸತೊಡಗಿದೆ, ಅವನ ನಿಧಾನಕ್ಕೆ ಸರಿಯಾಗಿ. ಒಂದು, ಎರಡು, ಮೂರು, ನಾಲ್ಕು. ಕೈಗೆ ಎಲ್ಲ ನೆನಪಿತ್ತು. ಐದು, ಆರು, ಏಳು. ಎಂಟರ ಕೊನೆಗೆ ಗಾಳಿಯಲ್ಲಿ ಏಟು ಹಾಕಿದೆ. ನನ್ನ ಎಡಗೈ ಯಾರನ್ನೂ ಕೇಳದೆ ಮುಂದಕ್ಕೆ ಹೋಯಿತು. ಅಲ್ಲಿ ಸ್ಟ್ಯಾಂಡು ಇರಲಿಲ್ಲ. ಇಲ್ಲದ ಸ್ಟ್ಯಾಂಡನ್ನು ಹಿಡಿದೆ. ಬೆರಳು ಮುಚ್ಚಿಕೊಂಡವು. ಅದೇ ಕ್ಷಣಕ್ಕೆ ಅವನ ದನಿ ಬಂತು.

ಅವನು ನಾನು ಹೇಳಿದ ಹಾಗೇ ಮಾಡಿದ್ದ. ಎಣಿಸಿಕೊಂಡಿದ್ದ. ಒಂಬತ್ತು ಎಣಿಸಿಕೊಂಡಿದ್ದ.

ಆಗ ಅಳು ಬಂತು. ಮಣ್ಣಿನ ದಿನ ಬರದೆ ಇದ್ದದ್ದು, ಹುಳುವಿನ ಮುಂದೆ ಕೂತು ಬಂತು. ಇದಕ್ಕೆ ಏನು ಅರ್ಥ ಎಂದು ಈಗಲೂ ನನಗೆ ಪೂರ್ತಿ ಗೊತ್ತಿಲ್ಲ. ನನ್ನ ತಪ್ಪನ್ನು ಊರಿಗೆಲ್ಲ ಕೇಳಿಸುವ ಹಾಗೆ ಇನ್ನೊಂದು ಸಲ ತೋರಿಸಿದನೋ, ಇದು ತಪ್ಪೇ ಅಲ್ಲ, ಹಾಡು ಇರುವುದೇ ಹೀಗೆ ಎಂದನೋ. ನಾನು ಬರುತ್ತೇನೆ ಎಂದು ಜಾಗ ಹಿಡಿದಿಟ್ಟಿದ್ದನೋ, ಬರಲಿಲ್ಲ ಎಂದು ಖಾಲಿ ತೋರಿಸಿದನೋ. ಅವನಿಗೇ ಗೊತ್ತಿತ್ತೋ ಇಲ್ಲವೋ. ಕೇಳೋಣವೆಂದರೆ ಅವನಿಲ್ಲ. ಒಂದಂತೂ ಗೊತ್ತು, ಎಂಟಾದ ಮೇಲೆ ಒಂದು ಎಂದು ನನಗೆ ಹೇಳಿದವನೇ, ನಾನಿಲ್ಲದ ಕಡೆ ಎಂಟಕ್ಕೆ ಹಾಡು ಎತ್ತಿಕೊಳ್ಳಲಿಲ್ಲ.

ಅತ್ತಿಗೆ ಸೊಪ್ಪಿನ ಬುಟ್ಟಿ ಇಳಿಸಿ ಹತ್ತಿರ ಬಂದರು. ಏನು ಎತ್ತ ಎಂದು ಕೇಳಲಿಲ್ಲ. ನಾನೇ, "ಅದನ್ನ ಕತ್ತರಿಸಬಾರದು ಅತ್ತಿಗೆ. ಈಗಲೇ ಸ್ಟುಡಿಯೋದವನಿಗೆ ಹೇಳಿ" ಎಂದೆ.

"ಮೊನ್ನೆ ನೀನೇ ಕತ್ತರಿಸು ಅಂದೆ."

"ನಾನು ಹೇಳಿದ್ದು ತಪ್ಪು."

ಅವರು ಬಾಗಿಲಾಚೆ ಹೋಗಿ ಫೋನು ಹಚ್ಚಿದರು. ಕತ್ತರಿಸಿಬಿಟ್ಟಿದ್ದಾನೇನೋ ಎಂದು ನನಗೆ ಭಯ. ಆ ಕಡೆಯವನು ಏನೋ ಉದ್ದಕ್ಕೆ ಹೇಳುತ್ತಿದ್ದ. ಅತ್ತಿಗೆ ಫೋನಿಗೆ ಅಂಗೈ ಅಡ್ಡ ಹಿಡಿದು ಒಳಗೆ ಇಣುಕಿದರು.

"ಹಳೇದೂ ಹಂಗೇ ಇಟ್ಟವ್ನಂತೆ, ಅದನ್ನೇ ಆಕ್ಬೋದಂತೆ. ಆದ್ರೆ ಕೇಳೋರು ಅಲ್ಲಿಗೆ ಬಂದು ಹಾಡು ಮುಗೀತು ಅಂತ ಬುಟ್ಟೋಯ್ತಾರೆ ಅಂತಾನೆ. ಅಲ್ಲಿ ಏನೂ ಇಲ್ವಲ್ಲ, ಯಾಕೆ ಇಟ್ಕೋಬೇಕು ಅಂತ ಕೇಳ್ತಾವ್ನೆ. ಏನಂತ ಹೇಳ್ಲಿ?"

ನನ್ನ ಎಡಗೈ ಇನ್ನೂ ಮುಂದಕ್ಕೆ ಚಾಚಿಕೊಂಡೇ ಇತ್ತು.

"ಅಲ್ಲೊಬ್ಬ ಸ್ಟ್ಯಾಂಡ್ ಹಿಡ್ಕೊಳ್ತಾ ಇದಾನೆ, ಒಸಿ ತಡ್ಕೊ ಅನ್ನಿ ಅತ್ತಿಗೆ."

ಅತ್ತಿಗೆ ಅದನ್ನೇ ಒಂದಕ್ಷರ ಬಿಡದೆ ಫೋನಿಗೆ ಹೇಳಿದರು.